ತಕಲಿಯಿಂದ ಪ್ರಾಜೆಕ್ಟ್‌ವರೆಗೆ

ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಇರಿಸಿದ ಸ್ಮಾರಕವೊಂದು ಕೂಡ್ಲಿಗಿ ಪಟ್ಟಣದಲ್ಲಿದೆ. ಗಾಂಧಿ ಎಂದೊಡನೆ ಜನರಿಗೆ ಖಾದಿ, ಉಪ್ಪಿನ ಸತ್ಯಾಗ್ರಹ, ಅಹಿಂಸೆ ನೆನಪಾಗುತ್ತವೆ. ಮಕ್ಕಳ ಓದಿನ ಬಗ್ಗೆ ಅವರು ದೇಶದ ಮುಂದಿಟ್ಟ ವಿಚಾರ ಅಷ್ಟಾಗಿ ನೆನಪಾಗುವುದಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಇಂದು ಮಕ್ಕಳು ಬರೆದೊಪ್ಪಿಸುವ ‘ಪ್ರಾಜೆಕ್ಟ್‌’ಗೂ ಆ ವಿಚಾರಕ್ಕೂ ಹತ್ತಿರದ ನಂಟಿದೆ.

ಮಾಡಿ ಕಲಿಯಬೇಕು ಎಂಬ ಮಾತು ಯಾವುದೋ ಒಂದು ದೇಶದ ಸೊತ್ತಲ್ಲ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗ ಶಾಲೆ ತೆರೆದರು. ಅವರ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಬಂಧ ‘ಯೋಜನಾ ಪದ್ಧತಿ’ಗೆ ಹೆಸರು ತಂದುಕೊಟ್ಟಿತು. ಮಗು ಒಂದು ಉದ್ದೇಶವಿಟ್ಟುಕೊಂಡು, ಮನಸ್ಸಿಟ್ಟು ಕೆಲಸದಲ್ಲಿ ತೊಡಗಿದಾಗ ಪಾಠ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ತಿರುಳು.

ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ದೇಶದ ಮಟ್ಟದಲ್ಲಿ ಈ ದಾರಿ ಹಿಡಿದವರು ಗಾಂಧೀಜಿ. 1937ರ ಅಕ್ಟೋಬರ್ 22 ಮತ್ತು 23ರಂದು ವರ್ಧಾದಲ್ಲಿ ಸೇರಿದ ಸಮ್ಮೇಳನ ಡಾ. ಜಾಕಿರ್ ಹುಸೇನ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತೃಭಾಷೆಯಲ್ಲಿ, ಒಂದು ಕಸುಬಿನ ಸುತ್ತ ಹೆಣೆದ ಶಿಕ್ಷಣ ಕೊಡಬೇಕೆಂದು ಸಮಿತಿ ಹೇಳಿತು. ಇದೇ ‘ಮೂಲಶಿಕ್ಷಣ’ ಅಥವಾ ‘ನಯೀ ತಾಲೀಮ್’.

ತಕಲಿಯಲ್ಲಿ ನೂಲುವ ಮಗು ನೂಲಿನ ಉದ್ದ ಅಳೆಯುತ್ತಾ ಲೆಕ್ಕ ಕಲಿಯಬೇಕು; ಹತ್ತಿ ಬೆಳೆವ ನೆಲ ನೋಡಿ ಭೂಗೋಳ, ಬಟ್ಟೆ ವ್ಯಾಪಾರದ ಕಥೆಯಿಂದ ಇತಿಹಾಸ ಕಲಿಯಬೇಕು ಎಂಬುದು ಆಶಯ. ಸಮಿತಿಯ ವೇಳಾಪಟ್ಟಿಯಲ್ಲಿ ದಿನದ ಐದೂವರೆ ಗಂಟೆಯ ಪೈಕಿ 3 ಗಂಟೆ 20 ನಿಮಿಷ ಕಸುಬಿಗೇ ಮೀಸಲಾಗಿತ್ತು. ಮಕ್ಕಳು ತಯಾರಿಸಿದ ವಸ್ತುವಿನ ಮಾರಾಟದಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಮಾತಿಗೆ ಮಾತ್ರ ಆಗಲೇ ಆಕ್ಷೇಪ ಬಂತು. ಶಾಲೆ ಕಾರ್ಖಾನೆಯಾದೀತು, ಮಕ್ಕಳು ಕೂಲಿಗಳಾದಾರು ಎಂಬ ಅಂಜಿಕೆ ಅದು.

ಈ ಅಂಜಿಕೆ ಇನ್ನೊಂದು ರೂಪದಲ್ಲಿ ಸ್ಫೋಟಗೊಂಡದ್ದು 1953ರಲ್ಲಿ, ಮದ್ರಾಸ್ ರಾಜ್ಯದಲ್ಲಿ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆ ಆಗ ಅದೇ ರಾಜ್ಯದ ಆಡಳಿತದಲ್ಲಿತ್ತು. ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ, ಉಳಿದ ಹೊತ್ತು ತಂದೆತಾಯಿಯ ಕಸುಬು ಕಲಿಯಲಿ ಎಂಬ ಯೋಜನೆಯನ್ನು ಮುಖ್ಯಮಂತ್ರಿ ರಾಜಾಜಿ ಆ ಜೂನ್‌ನಲ್ಲಿ ಜಾರಿಗೆ ತಂದರು. ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೇ ಎಂಬ ಪ್ರಶ್ನೆ ಎದ್ದಿತು. ‘ಕುಲಕಸುಬಿನ ಶಿಕ್ಷಣ’ ಎಂದು ಪೆರಿಯಾರ್ ಮೊದಲಾದವರು ಅದನ್ನು ಕಟುವಾಗಿ ವಿರೋಧಿಸಿದರು. 1954ರಲ್ಲಿ ಕಾಮರಾಜ್ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ, 1953ರ ಅಕ್ಟೋಬರ್ 1ರಂದು, ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು.

ಆ ವಿರೋಧದ ಹಿಂದಿನ ನೋವು ಸುಳ್ಳಲ್ಲ. ದುಡಿಮೆಯ ಮನೆಯಿಂದ ಬಂದ ಮಗುವಿಗೆ ದುಡಿಮೆ ಹೊಸ ಪಾಠವೇನಲ್ಲ. ಅದಕ್ಕೆ ಬೇಕಾದದ್ದು ಅಕ್ಷರ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳಿರುವ ಈ ತಾಲ್ಲೂಕುಗಳಲ್ಲಿ ಅದು ಇಂದಿಗೂ ನಿಜ.

ಕೈಗೂ ಓದಿಗೂ ಗಂಟು ಹಾಕುವ ಯತ್ನ ಅಲ್ಲಿಗೆ ನಿಲ್ಲಲಿಲ್ಲ. ಕೊಠಾರಿ ಆಯೋಗ (1964–66) ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ ಕಲಿ’ ಮೊಳೆಯಿತು. ಈಗ ಎಸ್ಸೆಸ್ಸೆಲ್ಸಿಯ ಬಹುತೇಕ ವಿಷಯಗಳಲ್ಲಿ 100ಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದ್ದು, ಪ್ರಾಜೆಕ್ಟ್ ಅದರ ಭಾಗವಾಗಿದೆ.

ಇದರ ಲಾಭ ತಿಳಿಯಲು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಬರೆದಿಡುವ ಮಕ್ಕಳು ವಿಜ್ಞಾನ, ಗಣಿತ, ಭೂಗೋಳವನ್ನು ಒಟ್ಟಿಗೇ ಕಲಿಯುತ್ತಾರೆ. ಭೌಗೋಳಿಕ ಸೂಚಿ ಪಡೆದ ಹಡಗಲಿ ಮಲ್ಲಿಗೆಯ ದರ ಮದುವೆ ಕಾಲದಲ್ಲಿ ಏಕೆ ಏರುತ್ತದೆಂದು ಬೆಳೆಗಾರರನ್ನೇ ಕೇಳಿದ ಮಗುವಿಗೆ ಅರ್ಥಶಾಸ್ತ್ರದ ಮೊದಲ ಪಾಠ ದಕ್ಕಿದಂತೆ. ಪರೀಕ್ಷೆಯಲ್ಲಿ ಹಿಂದುಳಿದ ಹುಡುಗನೇ ಇಂಥ ಕೆಲಸದಲ್ಲಿ ಮುಂದಾಳಾಗಬಹುದು. ಶಿಕ್ಷಕರಿಗೂ ತಮ್ಮ ಊರು ಹೊಸದಾಗಿ ಕಾಣಬಹುದು.

ತೊಡಕುಗಳೂ ಸಣ್ಣವಲ್ಲ. ಪಾಠ ಮುಗಿಸುವ ಒತ್ತಡ, ದಾಖಲೆಗಳ ಹೊರೆ, ಒಬ್ಬರೇ ಎರಡು ಮೂರು ತರಗತಿ ನೋಡಬೇಕಾದ ಶಾಲೆಗಳು – ಇವುಗಳ ನಡುವೆ ಮಕ್ಕಳನ್ನು ಕೆರೆಗೆ ಕರೆದೊಯ್ಯಲು ಶಿಕ್ಷಕರಿಗೆ ಬಿಡುವೆಲ್ಲಿ? ಮೂಲಶಿಕ್ಷಣ ಸೊರಗಿದ್ದಕ್ಕೂ ಅದಕ್ಕೆಂದೇ ಪಳಗಿದ ಶಿಕ್ಷಕರ ಕೊರತೆ ಒಂದು ಕಾರಣವಾಗಿತ್ತು. ಬಿಡುವಿಲ್ಲದಿದ್ದಾಗ ಪ್ರಾಜೆಕ್ಟ್ ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗುತ್ತದೆ. ಚಾರ್ಟ್, ಥರ್ಮೋಕೋಲ್‌ಗೆ ಕೂಲಿಯ ಹಣ ಖರ್ಚಾಗುತ್ತದೆ. ಅಂಕ ಬರುತ್ತದೆ, ಕಲಿಕೆ ಬರುವುದಿಲ್ಲ.

ವಿಷಯದ ಆಯ್ಕೆಯಲ್ಲೂ ಎಚ್ಚರ ಬೇಕು. ದೇವದಾಸಿ ಪದ್ಧತಿಯನ್ನು 1982ರಲ್ಲೇ ಕಾಯಿದೆಯಿಂದ ನಿಷೇಧಿಸಿದ್ದರೂ ಅದರ ನೋವುಂಡ ತಾಯಂದಿರು ಈ ಭಾಗದ ಊರುಗಳಲ್ಲಿದ್ದಾರೆ. ‘ತಂದೆಯ ವಂಶವೃಕ್ಷ ಬರೆದು ತನ್ನಿ’ ಎಂಬ ಸಾಮಾನ್ಯ ಪ್ರಾಜೆಕ್ಟ್ ಅಂಥ ಮನೆಯ ಮಗುವನ್ನು ತರಗತಿಯ ಎದುರು ತಲೆತಗ್ಗಿಸುವಂತೆ ಮಾಡಬಲ್ಲದು. ‘ನಿನ್ನ ಮನೆಯಲ್ಲಿ ನಿನ್ನನ್ನು ಸಾಕಿದವರ ಕಥೆ ಬರೆ’ ಎಂದರೆ ಅದೇ ಮಗು ಹೆಮ್ಮೆಯಿಂದ ಬರೆದೀತು.

ಎಂಟು ದಶಕಕ್ಕೂ ಮಿಕ್ಕಿದ ಈ ಇತಿಹಾಸ ಹೇಳುವುದಿಷ್ಟು: ಕೈಕೆಲಸ ಓದಿಗೆ ಬಾಗಿಲಾದಾಗ ಮಕ್ಕಳು ಬೆಳೆದರು; ಓದಿನ ಬದಲಿಗೆ ಕೈಕೆಲಸ ಬಂದಾಗ ಜನ ಅದನ್ನು ತಿರಸ್ಕರಿಸಿದರು. ಹೆಸರು ತಕಲಿಯಿರಲಿ, ಪ್ರಾಜೆಕ್ಟ್ ಇರಲಿ, ಶಿಕ್ಷಕರಿಗೆ ಬಿಡುವು ಮತ್ತು ತರಬೇತಿ, ಮಗುವಿಗೆ ಮರ್ಯಾದೆ – ಇವು ಇಲ್ಲದೆ ಅದು ಬಾಳುವುದಿಲ್ಲ.