ಬಿಗಿಯಾದ ಹೊಸ ಮನೆಗೆ ಗಾಳಿಯ ವ್ಯವಸ್ಥೆ: ಸದಸ್ಯರ ಗಮನಕ್ಕೆ

ನಮ್ಮ ಹಳೆಯ ಮನೆಗಳಲ್ಲಿ ಹೆಂಚಿನ ಸಂದು, ಗವಾಕ್ಷಿ, ಬೆಳಕಿಂಡಿಗಳಿಂದಲೇ ಗಾಳಿ ಓಡಾಡುತ್ತಿತ್ತು. ಈಗ ಊಟಿಯಲ್ಲಾಗಲಿ ಹೊಸೂರಿನಲ್ಲಾಗಲಿ ಮನೆ ಕಟ್ಟಿಸುವವರು ಯುಪಿವಿಸಿ ಕಿಟಕಿ, ರಬ್ಬರ್ ಪಟ್ಟಿಯ ಬಾಗಿಲು ಹಾಕಿಸುತ್ತಾರೆ. ಕರೆಂಟು ಉಳಿಯುತ್ತದೆ, ಧೂಳು ಬರುವುದಿಲ್ಲ. ಆದರೆ ಉಸಿರಿನ ತೇವ, ಒಗ್ಗರಣೆಯ ಹೊಗೆ ಒಳಗೇ ನಿಲ್ಲುತ್ತವೆ. ಚಳಿ ಸೀಮೆಯಲ್ಲಿ ಗೋಡೆಯ ಮೂಲೆಗೆ ಬೂಷ್ಟು ಹಿಡಿಯುತ್ತದೆ. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಇರುವುದನ್ನೇ ತಣಿಸಿ ಸುತ್ತಿಸುತ್ತದೆ.

ಎಷ್ಟು ಬೇಕು: ಒಬ್ಬರಿಗೆ ಗಂಟೆಗೆ ಸುಮಾರು 30 ಘನ ಮೀಟರ್ ಹೊಸ ಗಾಳಿ ಎಂಬುದು ಸಾಮಾನ್ಯ ಲೆಕ್ಕ, ನಾಲ್ವರಿಗೆ 120.

ಆಯ್ಕೆಗಳು ಮೂರು:

1. ಬಚ್ಚಲು, ಅಡುಗೆಮನೆಯಲ್ಲಿ ಸಣ್ಣ ವೇಗದಲ್ಲಿ ಸದಾ ಓಡುವ ಎಕ್ಸಾಸ್ಟ್ ಫ್ಯಾನ್. ಮಲಗುವ ಕೋಣೆ, ನಡುಮನೆಯ ಕಿಟಕಿಯ ಮೇಲೆ ಜಾಲರಿಯ ಕಿಂಡಿ. ಒಳಬಾಗಿಲುಗಳ ಕೆಳಗೆ ಒಂದೆರಡು ಸೆಂಟಿಮೀಟರ್ ಸಂದು. ಕಿಂಡಿಯಿಲ್ಲದೆ ಫ್ಯಾನ್ ಮಾತ್ರ ಹಾಕಿಸಿದರೆ ಎಳೆಯಲು ಗಾಳಿಯೇ ಇರುವುದಿಲ್ಲ.

2. ಗೋಡೆಯೊಳಗೆ ಕೂರುವ, ಗಾಳಿಯನ್ನು ಸರದಿಯಲ್ಲಿ ಹೊರಗೂ ಒಳಗೂ ತಿರುಗಿಸಿ ಶಾಖ ಉಳಿಸುವ ಫ್ಯಾನ್. ಊಟಿ, ಕೂನೂರಿನ ಒಂದೆರಡು ಕೋಣೆಗೆ ಸಾಕು.

3. ಇಡೀ ಮನೆಗೆ ಕೊಳವೆ ಹಾಯಿಸಿದ ಶಾಖ ವಿನಿಮಯ ಯಂತ್ರ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮೊದಲ ಪ್ಯಾಸಿವ್ ಹೌಸ್‌ನಲ್ಲಿ ಇಂಥದ್ದಿತ್ತು. ಹಿಮ ಬೀಳುವ ದೇಶಕ್ಕೆ ಅದು ತಕ್ಕದ್ದು. ಖರ್ಚು ಹೆಚ್ಚು, ಫಿಲ್ಟರ್ ಶುಚಿ ಮಾಡುತ್ತಿರಬೇಕು.

ನಮ್ಮ ಬಹುಪಾಲು ಸದಸ್ಯರಿಗೆ ಮೊದಲನೆಯದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಸೊಲ್ಲಾಪುರ, ಆದವಾನಿಯ ಬೇಸಿಗೆಯಲ್ಲಿ ಹಗಲು ಕಿಟಕಿ ಮುಚ್ಚಿ, ರಾತ್ರಿ ಎದುರುಬದುರು ತೆರೆದರೆ ಗೋಡೆಯೂ ತಣಿಯುತ್ತದೆ.

ಎಚ್ಚರಿಕೆ: ಬಿಗಿಯಾದ ಮನೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ, ಬಚ್ಚಲೊಳಗೆ ಗ್ಯಾಸ್ ಗೀಸರ್ ಕೂರಿಸಬೇಡಿ. ಇವು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ಧೈರ್ಯ ಬೇಡ, ಹೊಗೆಕೊಳವೆಯ ಅನಿಲವನ್ನು ಅದು ವಾಪಸು ಒಳಗೂ ಎಳೆಯಬಲ್ಲದು. ಗೀಸರ್ ಹೊರಗೋಡೆಗಿರಲಿ. ತಲೆನೋವು, ತಲೆಸುತ್ತು ಒಟ್ಟಿಗೇ ಹಲವರಿಗೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಫ್ಯಾನಿನ ಪೈಪಿಗೆ ಗೋಡೆ ಏಳುವಾಗಲೇ ಜಾಗ ಬಿಡಿಸಿ. ಗಿಲಾವಾದ ಮೇಲೆ ಕೊರೆಸುವುದು ದುಬಾರಿ. ಗೃಹಪ್ರವೇಶಕ್ಕೆ ಮುಂಚೆ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಅದರ ಜಾಲರಿಗೆ ತೆಳು ಕಾಗದ ಹಿಡಿಯಿರಿ. ಅಂಟಿ ನಿಂತರೆ ಫ್ಯಾನ್ ಎಳೆಯುತ್ತಿದೆ. ಬಿದ್ದರೆ ಹಣ ಕೊಡುವ ಮೊದಲೇ ಮೇಸ್ತ್ರಿಯನ್ನು ಕರೆಸಿ.

— ಕಾರ್ಯದರ್ಶಿ