ಪರಊರ ಪೇಟೆಯಲ್ಲಿ ನಂಬಿಕೆಯ ತೂಕ

ಸಿಂದಗಿ ಸೀಮೆಯ ಯಂಕಂಚಿಯಂಥ ಊರಿನಿಂದ ಒಂದು ಕುಟುಂಬ ಗೋವಾಕ್ಕೆ ದುಡಿಯಲು ಹೊರಟಿತೆನ್ನಿ. ಬಸ್ಸಿಗೆ ಏರಿಸುವ ಗಂಟಿನಲ್ಲಿ ಏನಿರುತ್ತದೆ? ಒಂದು ಚೀಲ ಜೋಳ, ರೊಟ್ಟಿಯ ಹಂಚು, ನಾಲ್ಕು ಪಾತ್ರೆ, ಒಂದೆರಡು ಕೌದಿ, ಕುಟ್ಟಿದ ಖಾರದ ಡಬ್ಬಿ. ಗೋವಾದ ಪೇಟೆಯಲ್ಲಿ ಹಂಚು ಸಿಗುವುದಿಲ್ಲವೆಂದಲ್ಲ, ಪಾತ್ರೆಗಂತೂ ಬರವಿಲ್ಲ. ಆದರೂ ಅಷ್ಟು ದೂರ ಹೊತ್ತುಕೊಂಡೇ ಹೋಗುತ್ತಾರೆ.

ಕೈಯಲ್ಲಿ ಹಣವಿಲ್ಲದಿರುವುದು ಒಂದು ಕಾರಣ. ಅದಕ್ಕಿಂತ ಹಳೆಯದಾದ ಇನ್ನೊಂದು ಕಾರಣವೂ ಉಂಟು. ಮನೆಯ ಹಂಚು ಎಷ್ಟು ಕಾವು ತಡೆಯುತ್ತದೆ ಎಂಬುದು ಮನೆಯವರಿಗೆ ಗೊತ್ತು. ಪರಊರಿನ ಹಂಚು ಮೊದಲ ದಿನವೇ ಸೀಳಿದರೆ ಯಾರನ್ನು ಕೇಳಬೇಕು ಎಂಬುದು ಗೊತ್ತಿಲ್ಲ. ಊರು ಬಿಟ್ಟವನು ಮನೆಸಾಮಾನು ಕೊಳ್ಳುವಾಗ ಎದುರಾಗುವ ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ.

ಮುಖ ನೋಡಿ ಕೊಂಡ ಕಾಲ

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳ ಗಣ್ಣಿನಿಂದ ಬಡಿದು ನೋಡುತ್ತಾಳೆ. ಠಣ್ಣೆಂದರೆ ಸರಿ, ಸದ್ದು ಮಂದವಾದರೆ ಎಲ್ಲೋ ಬಿರುಕಿದೆ ಎಂದು ಅರ್ಥ. ಆದರೆ ಆಕೆಯ ಭರವಸೆ ಆ ಸದ್ದಿನ ಮೇಲಷ್ಟೇ ನಿಂತಿಲ್ಲ. ಗಡಿಗೆ ಸೋರಿದರೆ ಮುಂದಿನ ಸಂತೆಗೆ ಅದೇ ಜಾಗದಲ್ಲಿ ಅದೇ ಕುಂಬಾರ ಸಿಗುತ್ತಾನೆ. ನಾಲ್ಕು ಜನರ ಎದುರು ಕೇಳಿದರೆ ಬೇರೆ ಗಡಿಗೆ ಕೊಡದೆ ಅವನಿಗೆ ಗತಿಯಿಲ್ಲ. ಅವನ ಹೆಸರು ಅದೇ ಊರುಗಳಲ್ಲಿ ಉಳಿಯಬೇಕು.

ಹಿತ್ತಾಳೆ, ತಾಮ್ರದ ಪಾತ್ರೆಗಳ ಲೆಕ್ಕ ಸ್ವಲ್ಪ ಬೇರೆ. ಅವು ತೂಕದ ಮೇಲೆ ಮಾರಾಟವಾಗುತ್ತಿದ್ದವು. ಹಳತಾದರೆ ಮೋಡಕಾಕ್ಕೆ ಹಾಕಿ ಹೊಸದನ್ನು ತರಬಹುದಿತ್ತು. ಮುಯ್ಯಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು ಕೊರೆಸುವ ರೂಢಿಯಿತ್ತು. ಆ ಅಕ್ಷರ ಪ್ರೀತಿಯ ಗುರುತಾಗಿದ್ದಂತೆ, ಪಾತ್ರೆ ಎಲ್ಲಿಂದ ಬಂದದ್ದು ಎಂಬುದಕ್ಕೆ ಸಾಕ್ಷಿಯೂ ಆಗಿತ್ತು.

ಸಾಮಾನು ನಂಬಿಗಸ್ತ ಎನ್ನುವಾಗ ನಾವು ನಂಬುವುದು ಸಾಮಾನನ್ನಷ್ಟೇ ಅಲ್ಲ, ಅದು ಕೆಟ್ಟಾಗ ಉತ್ತರ ಕೊಡುವವನನ್ನು. ಊರು ಬಿಟ್ಟವನು ಮೊದಲು ಕಳೆದುಕೊಳ್ಳುವುದು ಅವನನ್ನೇ.

ವ್ಯಾಪಾರಿಗಳು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ದೇಶ ದೇಶ ತಿರುಗಿ ವ್ಯಾಪಾರ ಮಾಡಿತು. ಬಳ್ಳಿಗಾವಿಯ 11ನೇ ಶತಮಾನದ ಶಾಸನವೊಂದು ಅವರ ಸರಕುಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಈ ಸಂಘದ ವರ್ತಕರು ತಮ್ಮ ಕಟ್ಟಳೆಯನ್ನು ಬಣಂಜು ಧರ್ಮ ಎಂದು ಕರೆದುಕೊಂಡರು. ಕಂಡರಿಯದ ಊರಿನಲ್ಲಿ ಮಾರುವವನ ಬೆನ್ನಿಗೆ ಸಂಘದ ಹೆಸರಿತ್ತು. ಆದರೆ ಅದು ವರ್ತಕನಿಗಿದ್ದ ಆಸರೆ. ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋದವನಿಗೆ ಅಂಥ ಸಂಘವಿರಲಿಲ್ಲ.

ಗಿರಣಿಯ ಊರಿಗೆ

ಬಿಜಾಪುರ ಸೀಮೆಯ ಜನ ದೊಡ್ಡ ಪ್ರಮಾಣದಲ್ಲಿ ಊರು ಬಿಡುವಂತೆ ಮಾಡಿದ್ದು ಬರ. 1876ರಿಂದ 1878ರವರೆಗಿನ ಬರದ ಹೊಡೆತಕ್ಕೆ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಭಾಗದ ಜನಸಂಖ್ಯೆ 1872 ಮತ್ತು 1881ರ ಎಣಿಕೆಗಳ ನಡುವೆ ಸುಮಾರು ಐದನೇ ಒಂದು ಭಾಗ ಇಳಿಯಿತು. ಅದೇ ದಶಕದಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ತಲೆಯೆತ್ತಿತು. 1884ರಲ್ಲಿ ಗದಗ-ಹೊಟಗಿ ರೈಲು ಮಾರ್ಗ ಪೂರ್ತಿಯಾದಾಗ ಬಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗಿಬರುವುದು ಸುಲಭವಾಯಿತು.

ಸೊಲ್ಲಾಪುರ ಕನ್ನಡಿಗರಿಗೆ ಪೂರ್ತಿ ಪರಊರೂ ಅಲ್ಲ. ಅದು ಶರಣ ಸಿದ್ಧರಾಮನ ಸೊನ್ನಲಿಗೆ. ಸಂಕ್ರಾಂತಿಯ ಸಮಯದಲ್ಲಿ ನಡೆಯುವ ಸಿದ್ಧರಾಮೇಶ್ವರನ ಜಾತ್ರೆಗೆ ಗಡಿಯ ಈಚೆಯಿಂದಲೂ ಜನ ಹೋಗುತ್ತಾರೆ. ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಹೊಸದಾಗಿ ಬಂದ ಕೂಲಿಯವನಿಗೆ ತನ್ನ ಸೀಮೆಯ ಮಾತಾಡುವ ಅಂಗಡಿಕಾರ ಸಿಕ್ಕರೆ ಅರ್ಧ ಚಿಂತೆ ಕಳೆದಂತೆ. ಊರಿನ ಕುಂಬಾರನ ಜಾಗದಲ್ಲಿ ಈಗ ಅವನು.

ಆದರೆ ಪರಿಚಯದ ಜೊತೆಗೆ ಉದ್ರಿಯೂ ಬಂತು. ಪಗಾರ ತಿಂಗಳಿಗೊಮ್ಮೆ, ಹಸಿವು ದಿನಕ್ಕೆರಡು ಸಲ. ಹಾಗಾಗಿ ಅಕ್ಕಿ, ಜೋಳ, ಎಣ್ಣೆ ಎಲ್ಲವೂ ಅಂಗಡಿಯ ಖಾತೆಯಲ್ಲಿ. ಉದ್ರಿ ಇದ್ದವನು ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ. ಜೋಳದಲ್ಲಿ ಹರಳಿದ್ದರೂ, ಎಣ್ಣೆಯಲ್ಲಿ ಬೆರಕೆಯಿದ್ದರೂ ದನಿ ಎತ್ತುವಂತಿಲ್ಲ. ಕೈಹಿಡಿದ ಪರಿಚಯವೇ ಬಾಯಿಯನ್ನೂ ಕಟ್ಟುತ್ತದೆ.

ಇಂಗ್ಲೆಂಡಿನ ಗಿರಣಿ ಊರುಗಳೂ ಇದೇ ಕಷ್ಟ ಕಂಡಿದ್ದವು. ಹಿಟ್ಟಿಗೆ ಸೀಮೆಸುಣ್ಣ, ಪಟಿಕ ಬೆರೆಸಿ ಮಾರುವುದು ಅಲ್ಲಿ ಆಗ ಸಾಮಾನ್ಯ. ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ 28 ಜನ ಸೇರಿ 1844ರ ಡಿಸೆಂಬರ್ 21ರಂದು ತಮ್ಮದೇ ಅಂಗಡಿ ತೆರೆದರು. ಮೊದಲ ದಿನ ಅಲ್ಲಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ ಇಷ್ಟೇ. ಬೆರಕೆಯಿಲ್ಲದ ಮಾಲು, ಪೂರ್ತಿ ತೂಕ, ನಗದು ವ್ಯಾಪಾರ ಅವರ ನಿಯಮ. ಉದ್ರಿಯನ್ನು ಬೇಕೆಂದೇ ದೂರವಿಟ್ಟರು. ಸಹಕಾರಿ ಅಂಗಡಿಗಳ ಇತಿಹಾಸ ಆ ಚಿಕ್ಕ ಅಂಗಡಿಯಿಂದಲೇ ಆರಂಭವಾಯಿತೆಂದು ಹೇಳುವುದುಂಟು.

ಶೇರು ಎಂದರೆ ಎಷ್ಟು?

ಪರಊರಿನಲ್ಲಿ ಮೋಸ ಮಾಡಲು ಕೆಲವೊಮ್ಮೆ ಮೋಸಗಾರನೇ ಬೇಕಿರಲಿಲ್ಲ, ತಕ್ಕಡಿಯ ಬಟ್ಟೇ ಸಾಕಿತ್ತು. ಸರ್ಕಾರಿ ಶೇರು 80 ತೊಲೆ ತೂಗಿದರೆ ಹಳೆಯ ಮುಂಬೈ ಶೇರು ಸುಮಾರು 28 ತೊಲೆಯಷ್ಟೇ. ಕಾಳು ಅಳೆಯುವ ಶೇರು ಮತ್ತೆ ಬೇರೆ, ಅದೂ ಪೇಟೆಯಿಂದ ಪೇಟೆಗೆ ಬದಲಾಗುತ್ತಿತ್ತು. ಊರಿನ ಲೆಕ್ಕದಲ್ಲಿ ಬೆಲೆ ಕೇಳಿ ಅಗ್ಗವೆಂದು ಕೊಂಡವನಿಗೆ ಮನೆಗೆ ಬಂದ ಮೇಲೆ ಚೀಲ ಹಗುರವೆನಿಸಿದರೆ ಆಶ್ಚರ್ಯವಿಲ್ಲ.

ಬಿಜಾಪುರವೂ ಸೊಲ್ಲಾಪುರವೂ ಸೇರಿದ್ದ ಮುಂಬೈ ಪ್ರಾಂತದ ಸರ್ಕಾರ ಈ ಗೊಂದಲ ನಿವಾರಣೆಗೆ 1932ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಒಂದೇ ಅಳತೆ ಬಂದದ್ದು ಸ್ವಾತಂತ್ರ್ಯದ ನಂತರ. 1956ರಲ್ಲಿ ಕಾಯ್ದೆಯಾಯಿತು, 1958ರ ಅಕ್ಟೋಬರ್‌ನಿಂದ ಕೆಲವು ಪ್ರದೇಶಗಳಲ್ಲಿ ಕಿಲೋ ಬಟ್ಟುಗಳು ಬಂದವು, 1962ರ ಏಪ್ರಿಲ್ ಹೊತ್ತಿಗೆ ಅವು ಎಲ್ಲೆಡೆ ಕಡ್ಡಾಯವಾದವು. 80 ತೊಲೆಯ ಶೇರು 933 ಗ್ರಾಂ ಎಂಬ ಲೆಕ್ಕ ಹಿರಿಯರಿಗೆ ಬಹಳ ದಿನ ತಲೆನೋವಾಯಿತು. ಆದರೆ ಊರು ಬಿಟ್ಟು ಹೋದವರಿಗೆ ಅದು ಉಪಕಾರ ಮಾಡಿತು. ಯಂಕಂಚಿಯ ಕಿಲೋ ಪುಣೆಯಲ್ಲೂ ಕಿಲೋ, ವಾಸ್ಕೋದಲ್ಲೂ ಕಿಲೋ.

ವಾಸ್ಕೋದ ಮಾತು ಬಂದರೆ ಒಂದು ಸಂಗತಿ ನೆನೆಯಬೇಕು. 1961ರ ಡಿಸೆಂಬರ್ 19ರವರೆಗೆ ಗೋವಾ ನಿಜಕ್ಕೂ ಪರದೇಶ. ಆಳ್ವಿಕೆ ಪೋರ್ಚುಗೀಸರದು, ಸುಂಕದ ಗಡಿ ಬೇರೆ, 1959ರಿಂದ ನಾಣ್ಯವೂ ಎಸ್ಕುಡೊ. ವಿಮೋಚನೆಯ ನಂತರ ಬಂದರು, ಗಣಿ, ಕಟ್ಟಡದ ಕೆಲಸಗಳು ಬೆಳೆದಂತೆ ಉತ್ತರ ಕರ್ನಾಟಕದ ಜನ ಅಲ್ಲಿಗೆ ಹೋಗಿ ನೆಲೆಸಿದರು. ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ಕನ್ನಡದ ಬಡಾವಣೆಗಳೇ ಬೆಳೆದವು. ಜನ ಹೋದ ಕಡೆ ಊರಿನ ಸಾಮಾನೂ ಹೋಗುತ್ತದೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮಾರುವವರು ಅಂಥ ಬಡಾವಣೆಗಳ ಬೆನ್ನಿಗೇ ಬಂದರು.

ಮುದ್ರೆಯ ಕತೆ

ಪರಿಚಯದ ಅಂಗಡಿಯಲ್ಲಿ ರೊಟ್ಟಿ ಸಿಗಬಹುದು. ಆದರೆ ಸ್ಟವ್, ಕುಕ್ಕರ್, ವಿದ್ಯುತ್ ಇಸ್ತ್ರಿ ತಯಾರಾಗುವುದು ಇನ್ನೆಲ್ಲೋ. ಮಾರುವವನಿಗೇ ಅದರ ಒಳಗುಟ್ಟು ಗೊತ್ತಿರುವುದಿಲ್ಲ. ಇಲ್ಲಿ ಮುಖದ ಕೆಲಸವನ್ನು ಮುದ್ರೆ ಮಾಡಬೇಕಾಯಿತು.

ಮುದ್ರೆಯ ದಾರಿ ಕೆಲವೊಮ್ಮೆ ವಿಚಿತ್ರ. 1887ರಲ್ಲಿ ಬ್ರಿಟನ್ ಒಂದು ಕಾಯ್ದೆ ತಂದು ಹೊರದೇಶದ ಮಾಲಿನ ಮೇಲೆ ಅದು ಎಲ್ಲಿಯದೆಂದು ಬರೆಯುವಂತೆ ಮಾಡಿತು. ಅಗ್ಗದ ಜರ್ಮನ್ ಮಾಲನ್ನು ಜನ ಗುರುತಿಸಿ ದೂರವಿಡಲಿ ಎಂಬುದು ಉದ್ದೇಶ. ಆದದ್ದು ತಿರುಗುಮುರುಗು: ಕೆಲವೇ ವರ್ಷಗಳಲ್ಲಿ ‘ಮೇಡ್ ಇನ್ ಜರ್ಮನಿ’ ಎಂಬುದೇ ಗಟ್ಟಿತನದ ಗುರುತಾಯಿತು. 1889ರಲ್ಲಿ ಭಾರತಕ್ಕೂ ಅಂಥ ಕಾಯ್ದೆ ಬಂತು. ಇಲ್ಲಿನ ಗಿರಣಿಗಳು ಬಟ್ಟೆಯ ಥಾನಿನ ಮೇಲೆ ಉದ್ದವನ್ನು ಮುದ್ರಿಸಬೇಕಾಯಿತು. ಓದು ಬಾರದ ಗಿರಾಕಿಗಾಗಿ ದೇವರು, ರಾಜರು, ಪ್ರಾಣಿಗಳ ಬಣ್ಣದ ಚಿತ್ರವಿದ್ದ ಚೀಟಿಗಳನ್ನೂ ಅಂಟಿಸುತ್ತಿದ್ದರು. ಜನ ಚಿತ್ರ ನೋಡಿ ಬಟ್ಟೆ ಕೇಳುತ್ತಿದ್ದರು.

ಸರ್ಕಾರವೇ ಜವಾಬು ಹೊರುವ ಮುದ್ರೆಗಳು ನಂತರ ಬಂದವು. ಕೃಷಿ ಉತ್ಪನ್ನಕ್ಕೆ 1937ರ ಕಾಯ್ದೆಯಿಂದ ಆಗ್‌ಮಾರ್ಕ್. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಗೆ 1952ರ ಕಾಯ್ದೆ ಗುರುತು ನೀಡುವ ಅಧಿಕಾರ ಕೊಟ್ಟಿತು. ಅದೇ ಐಎಸ್‌ಐ ಮುದ್ರೆ. 1987ರಲ್ಲಿ ಸಂಸ್ಥೆಯ ಹೆಸರು ಬದಲಾಗಿ ಮಾನಕ ಬ್ಯೂರೋ ಎಂದಾದರೂ ಮುದ್ರೆ ಹಳೆಯ ಹೆಸರಿನಲ್ಲೇ ಉಳಿಯಿತು. ಪೊಟ್ಟಣದ ಮೇಲೆ ತೂಕ, ತಯಾರಕರ ವಿಳಾಸ ಕಡ್ಡಾಯವಾದದ್ದು 1977ರ ನಿಯಮಗಳಿಂದ. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸುವ ಪದ್ಧತಿ 1990ರಲ್ಲಿ ಬಂತು. ಭಾಷೆ ಬಾರದ ಊರಿನಲ್ಲಿ ಚೌಕಾಸಿ ಮಾಡಲಾಗದವನಿಗೆ ಆ ಅಂಕಿಯೇ ವಕೀಲ.

ಮುದ್ರೆ ಯಾಕೆ ಬೇಕು ಎಂಬುದನ್ನು ಸೀಮೆಎಣ್ಣೆಯ ಸ್ಟವ್ ಚೆನ್ನಾಗಿ ತೋರಿಸುತ್ತದೆ. ಗಾಳಿ ಹೊಡೆಯುವ ಪ್ರೈಮಸ್ ಸ್ಟವ್ 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ ಲೋಕವೆಲ್ಲ ಹರಡಿತು. ಸೌದೆ ಸಿಗದ ಊರಿನ ಒಂದು ಕೋಣೆಯ ಬಿಡಾರಕ್ಕೆ ಅದು ವರವೇ. ಆದರೆ ಒತ್ತಡದಲ್ಲಿರುವ ಎಣ್ಣೆಯ ಟಾಕಿಯ ಬೆಸುಗೆ ಕಳಪೆಯಾಗಿದ್ದರೆ ಅಡುಗೆ ಮಾಡುವವಳ ಜೀವಕ್ಕೇ ಅಪಾಯ. ಗಡಿಗೆಯಂತೆ ಬಡಿದು ನೋಡಿ ತಿಳಿಯುವ ದೋಷವಲ್ಲ ಅದು. 1977ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ರೂಪಿಸಿದ ನೂತನ್ ಬತ್ತಿ ಸ್ಟವ್ ಎಣ್ಣೆಯನ್ನೂ ಉಳಿಸಿತು, ಗಾಳಿ ಹೊಡೆಯುವ ಗೊಡವೆಯನ್ನೂ ತಪ್ಪಿಸಿತು. ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಮುದ್ರೆ ಕಡ್ಡಾಯವಾದದ್ದು 2021ರ ಫೆಬ್ರುವರಿಯಲ್ಲಿ.

ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ. ಅದಕ್ಕಾಗಿಯೇ ಐಎಸ್‌ಐ ಗುರುತಿನ ಕೆಳಗೆ ಪರವಾನಗಿ ಸಂಖ್ಯೆ ಇರುತ್ತದೆ. ಈಗ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಒತ್ತಿದರೆ ಅದು ಅಸಲಿಯೇ ಎಂದು ತಿಳಿಯುತ್ತದೆ. ಸೊಲ್ಲಾಪುರದ ಚಾದರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೂ ಬೇರೆಡೆ ನೇಯ್ದ ಚಾದರಗಳು ಅದರ ಹೆಸರು ಹೊತ್ತು ಮಾರಾಟವಾಗುವುದು ನಿಂತಿಲ್ಲ.

ಕೆಟ್ಟರೆ ಕೇಳುವುದೆಲ್ಲಿ?

ಮುದ್ರೆ ಸಾಮಾನಿನದಾಯಿತು. ಆದರೆ ದುಡಿಯಲು ಹೋದವನಿಗೆ ತನ್ನದೇ ಒಂದು ಮುದ್ರೆ ಬೇಕಾಗುತ್ತಿತ್ತು, ಅದೇ ವಿಳಾಸ. ಅಡುಗೆ ಅನಿಲದ ಸಂಪರ್ಕಕ್ಕೆ ಸ್ಥಳೀಯ ವಿಳಾಸದ ಪುರಾವೆ ಬೇಕು; ತಾತ್ಕಾಲಿಕ ಶೆಡ್ಡಿನಲ್ಲಿ ಇರುವವನು ಅದನ್ನು ಎಲ್ಲಿಂದ ತರಬೇಕು? ವಿಳಾಸ ಕೇಳದೆ ಮಾರುವ 5 ಕೆ.ಜಿ. ಸಿಲಿಂಡರ್ 2013ರಲ್ಲಿ ಬಂತು. ಊರಿನ ಪಡಿತರ ಚೀಟಿಯ ಅಕ್ಕಿ, ಗೋಧಿಯನ್ನು ಪರರಾಜ್ಯದಲ್ಲಿ ಪಡೆಯುವ ವ್ಯವಸ್ಥೆ 2020ರ ಜನವರಿ 1ರಿಂದ ಕರ್ನಾಟಕ, ಗೋವಾ, ಮಹಾರಾಷ್ಟ್ರ ಸೇರಿ 12 ರಾಜ್ಯಗಳ ನಡುವೆ ಜಾರಿಯಾಯಿತು.

ದೂರಿನ ವಿಷಯದಲ್ಲೂ ಇದೇ ಕತೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬೇಕಾದದ್ದು ಮಾರಿದವನು ಇರುವ ಅಥವಾ ವ್ಯವಹಾರ ನಡೆದ ಕಡೆ. ಗೋವಾದಲ್ಲಿ ಕೊಂಡ ಸಾಮಾನು ಕೆಟ್ಟಾಗ ಕೊಂಡವನು ಮುಂಗಾರಿನ ಬಿತ್ತನೆಗೆ ಊರಿಗೆ ಮರಳಿದ್ದರೆ ದೂರು ಅಲ್ಲಿಗೇ ಮುಗಿಯಿತು. ಬಸ್ ಚಾರ್ಜೇ ಸ್ಟವ್ವಿನ ಬೆಲೆಯನ್ನು ಮೀರುತ್ತಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆ ಇದನ್ನು ಬದಲಿಸಿತು. ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಅಂದರೆ ವಾಸ್ಕೋದ ಸ್ಟವ್ವಿನ ದೂರನ್ನು ವಿಜಯಪುರದಲ್ಲಿ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. 1915 ಸಂಖ್ಯೆಯ ಸಹಾಯವಾಣಿಯೂ ಇದೆ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಇವೆಲ್ಲಕ್ಕೂ ಮೊದಲು ಬೇಕಾದದ್ದು ರಸೀದಿ. ಕೇಳಿದರೂ ರಸೀದಿ ಕೊಡದಿರುವುದನ್ನು ಹೊಸ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆದಿದೆ. ಆದರೆ ಗುಳೆ ಹೋದವರು ಕೊಳ್ಳುವುದು ಬಹುತೇಕ ರಸ್ತೆ ಬದಿಯಲ್ಲಿ, ವಾರದ ಸಂತೆಯಲ್ಲಿ, ಇಲ್ಲವೇ ಉದ್ರಿ ಅಂಗಡಿಯಲ್ಲಿ. ಅಲ್ಲಿ ರಸೀದಿ ಕೇಳುವ ರೂಢಿಯೂ ಇಲ್ಲ, ಕೇಳುವ ಧೈರ್ಯವೂ ಕಡಿಮೆ. ಮಾರಿದವನನ್ನು ಹೆಸರಿಸುವ ಆ ತುಂಡು ಕಾಗದ ಕೈಗೆ ಬರುವವರೆಗೆ ಯಂಕಂಚಿಯಂಥ ಊರುಗಳ ಗಂಟಿನಲ್ಲಿ ಜೋಳದ ಚೀಲದ ಪಕ್ಕ ಮನೆಯ ಹಂಚಿಗೂ ಜಾಗವಿದ್ದೇ ಇರುತ್ತದೆ.