ಒಂದೇ ಭೇಟಿ, ಎರಡು ಸೂಜಿ

2020ರ ಡಿಸೆಂಬರಿನಲ್ಲಿ ಬ್ರಿಟನ್ ಕೋವಿಡ್ ಲಸಿಕೆ ಹಾಕಲು ತೊಡಗಿದಾಗ, ಅದಕ್ಕೂ ಫ್ಲೂ ಲಸಿಕೆಗೂ ನಡುವೆ ಕನಿಷ್ಠ ಏಳು ದಿನ ಬಿಡುವಿರಲಿ ಎಂಬ ಸಲಹೆಯಿತ್ತು. ಅಪಾಯ ಕಂಡಿತ್ತೆಂದಲ್ಲ, ಜ್ವರ ಬಂದರೆ ಯಾವ ಸೂಜಿಯಿಂದ ಬಂತೆಂದು ತಿಳಿಯಬೇಕಲ್ಲ! ಆದರೆ ಚಳಿಯಲ್ಲಿ ವೃದ್ಧರನ್ನು ಎರಡೆರಡು ಸಲ ಅಲೆಸಿದರೆ, ಎರಡನೆಯ ಸಲ ಬಾರದೆ ಉಳಿದವರ ಗತಿಯೇನು?

ಉತ್ತರ ಹುಡುಕಿದವರು ಬ್ರಿಸ್ಟಲ್‌ನ ಸಂಶೋಧಕರು. 2021ರಲ್ಲಿ ಇಂಗ್ಲೆಂಡ್, ವೇಲ್ಸ್‌ಗಳ 679 ವಯಸ್ಕರು ಪ್ರಯೋಗಕ್ಕೆ ಒಪ್ಪಿದರು. ಕೋವಿಡ್‌ನ ಎರಡನೆಯ ಡೋಸ್ ಜೊತೆಗೇ ಕೆಲವರಿಗೆ ಫ್ಲೂ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರು. ತಮಗೆ ಸಿಕ್ಕಿದ್ದು ಯಾವುದೆಂದು ಅವರಿಗೇ ಗೊತ್ತಿಲ್ಲ. ಮೂರು ವಾರದ ಬಳಿಕ ಅದಲುಬದಲು.

ನೋವು, ಆಯಾಸ ಬಹುಪಾಲು ಅಲ್ಪಸ್ವಲ್ಪ. ರೋಗನಿರೋಧಕ ಶಕ್ತಿಯೂ ಕುಗ್ಗಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲೇ ಬ್ರಿಟನ್ನಿನಲ್ಲಿ ಎರಡನ್ನೂ ಒಟ್ಟಿಗೆ ನೀಡಲು ಒಪ್ಪಿಗೆ ದೊರೆಯಿತು. ಮುಂದೆಯೂ ಒಂದೇ ಭೇಟಿಯಲ್ಲಿ ಎರಡನ್ನೂ ಹಾಕಿಸಿಕೊಳ್ಳಲು ಸಿದ್ಧ ಎಂದವರು ಪ್ರಯೋಗದಲ್ಲಿ ಪಾಲ್ಗೊಂಡವರ ಪೈಕಿ ಶೇಕಡಾ 97 ಮಂದಿ.